ರೋಗದ ಹಾದಿ, ಮೈಲಿಗೆಯ ಹಾದಿ

ಮಳೆಗಾಲದ ನಡುವೆ ಊರಿಗೆ ಕಣ್ಣುಬೇನೆ ಬಂದಾಗ, ಕಣ್ಣು ಕೆಂಪಾದವರನ್ನು ನೆಟ್ಟಗೆ ನೋಡಿದ ಮಾತ್ರಕ್ಕೆ ಬೇನೆಯು ನೋಡಿದವರ ಕಣ್ಣಿಗೆ ದಾಟಿಕೊಳ್ಳುತ್ತದೆಂಬ ನಂಬಿಕೆ, ಓದಿದವರು ಓದದವರೆಂಬ ಭೇದವಿಲ್ಲದೆ, ನಮ್ಮಲ್ಲಿ ಇಂದಿಗೂ ಬಾಳಿಕೊಂಡು ಬಂದಿದೆ. ಶಾಲೆಯಲ್ಲಿ ಮಕ್ಕಳು ಅಂಥ ಸಹಪಾಠಿಯೊಡನೆ ಮುಖ ತಿರುಗಿಸಿಕೊಂಡು ಮಾತನಾಡುತ್ತಾರೆ. ಕಚೇರಿಯಲ್ಲಿ ಗುಮಾಸ್ತರು ಎದುರಿನವರಿಗೆ ಕಪ್ಪು ಕನ್ನಡಕ ಹಾಕಿಸಿದ ಮೇಲೆಯೇ ಧೈರ್ಯವಾಗಿ ತಲೆಯೆತ್ತುತ್ತಾರೆ. ಆ ಕನ್ನಡಕವಾದರೂ ನರಳುವ ಕಣ್ಣಿಗೆ ಬೆಳಕು ಚುಚ್ಚದಿರಲೆಂದು ಇರತಕ್ಕದ್ದೇ ಹೊರತು ಇತರರ ರಕ್ಷಣೆಗಾಗಿ ಏರ್ಪಟ್ಟದ್ದಲ್ಲ. ಬೇನೆಯ ವೈರಾಣುವಿಗೆ ದೃಷ್ಟಿಯ ಮೇಲೆ ಸವಾರಿ ಮಾಡುವ ವಿದ್ಯೆ ತಿಳಿಯದು. ರೋಗಿಯು ಕಣ್ಣುಜ್ಜಿಕೊಂಡ ಕೈ, ಆ ಕೈ ತಾಕಿದ ಬಾಗಿಲ ಹಿಡಿ, ಮನೆಮಂದಿಯೆಲ್ಲ ಮುಖ ಒರೆಸಿಕೊಳ್ಳುವ ಒಂದೇ ಟವಲು, ಒಂದೇ ದಿಂಬು, ಅಕ್ಕತಂಗಿಯರು ಹಂಚಿಕೊಳ್ಳುವ ಒಂದೇ ಕಾಡಿಗೆಯ ಡಬ್ಬಿ, ಇವೇ ಅದರ ವಾಹನಗಳು. ದೃಷ್ಟಿಯನ್ನು ಜೋಪಾನವಾಗಿ ತಪ್ಪಿಸಿಕೊಂಡ ಗೃಹಸ್ಥನು ಅದೇ ಟವಲಿನಲ್ಲಿ ಮುಖ ಒರೆಸಿಕೊಂಡು, ಕೆಲವು ದಿನಗಳಲ್ಲಿ ತನ್ನ ಕಣ್ಣೂ ಕೆಂಪೇರಿದಾಗ, ಯಾವುದೋ ಗಳಿಗೆಯಲ್ಲಿ ಮರೆತು ನೋಡಿಬಿಟ್ಟೆನೆಂದು ಹಲುಬುತ್ತಾನೆ. ನಂಬಿಕೆಗೆ ಇನ್ನೊಂದು ಸಾಕ್ಷಿ ದೊರೆತಂತಾಗುತ್ತದೆ.

ಈ ನಂಬಿಕೆಯನ್ನು ನಮ್ಮ ಪ್ರಾಚೀನರ ತಲೆಗೆ ಕಟ್ಟುವುದು ಅನ್ಯಾಯವಾದೀತು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಮನುಷ್ಯರಿಂದ ಮನುಷ್ಯರಿಗೆ ಸಂಕ್ರಮಿಸುವ ವ್ಯಾಧಿಗಳೆಂದು ಕುಷ್ಠವನ್ನೂ ಜ್ವರವನ್ನೂ ಶೋಷವನ್ನೂ ನೇತ್ರಾಭಿಷ್ಯಂದವನ್ನೂ, ಎಂದರೆ ಇದೇ ಕಣ್ಣುಬೇನೆಯನ್ನು, ಹೆಸರಿಸಿದೆ. ಅವು ಸಾಗುವ ಮಾರ್ಗಗಳೆಂದು ನಿಕಟ ಸಂಗವನ್ನು, ಶರೀರಸ್ಪರ್ಶವನ್ನು, ನಿಶ್ವಾಸವನ್ನು, ಸಹಭೋಜನವನ್ನು, ಶಯ್ಯೆ ಆಸನಗಳನ್ನು, ಒಬ್ಬರು ಧರಿಸಿದ ವಸ್ತ್ರ ಮಾಲೆ ಅನುಲೇಪನಗಳನ್ನು ಇನ್ನೊಬ್ಬರು ಬಳಸುವುದನ್ನು ಎಣಿಸಿದೆ. ಆ ಎಣಿಕೆಯಲ್ಲಿ ವಸ್ತ್ರ ಉಂಟು, ದೃಷ್ಟಿ ಇಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದ ಆ ವೈದ್ಯನಿಗೆ ಯಾವ ರೋಗ ಯಾವ ಮಾರ್ಗದಲ್ಲಿ ನಡೆಯುವುದೆಂಬುದನ್ನು ಬಿಡಿಸಿ ಹೇಳುವುದು ಶಕ್ಯವಿರಲಿಲ್ಲ. ಆದರೆ ಆತನು ಎತ್ತಿದ ಪ್ರಶ್ನೆ ಸರಿಯಾಗಿತ್ತು: ರೋಗವು ಯಾವ ಹಾದಿಯಿಂದ ಬಂದಿತು? ನಾವಾದರೋ ಆ ಪ್ರಶ್ನೆಯನ್ನು ಎಲ್ಲಿಯೋ ನಡುದಾರಿಯಲ್ಲಿ ಕೈಬಿಟ್ಟು, ರೋಗವು ಯಾರಿಂದ ಬಂದಿತು ಎಂಬ ಒಂದೇ ವಿಚಾರಣೆಯಲ್ಲಿ ತೃಪ್ತರಾಗಿದ್ದೇವೆ.

ಇದು ಬರಿಯ ಅಜ್ಞಾನವಾಗಿದ್ದ ಪಕ್ಷದಲ್ಲಿ ನೂರು ವರ್ಷದ ಶಾಲಾಶಿಕ್ಷಣವು ಅದನ್ನು ಇಷ್ಟು ಹೊತ್ತಿಗೆ ತೊಡೆದುಹಾಕಬೇಕಾಗಿತ್ತು. ನನಗೆ ತೋರುವ ಮಟ್ಟಿಗೆ ಇಲ್ಲಿ ಕೆಲಸ ಮಾಡುತ್ತಿರುವುದು ಅಜ್ಞಾನಕ್ಕಿಂತ ಗಟ್ಟಿಯಾದ ಇನ್ನೊಂದು ವಸ್ತು. ಅಂಟುವಿಕೆ ಎಂದರೇನು, ಅದು ಹೇಗೆ ಹರಡುತ್ತದೆ, ಹೇಗೆ ಕಳೆಯುತ್ತದೆ ಎಂಬುದರ ಕುರಿತು ಒಂದು ಸಾಂಗವಾದ ಶಾಸ್ತ್ರವು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ; ಅದು ಮೈಲಿಗೆಯ ಶಾಸ್ತ್ರ. ಸೂಕ್ಷ್ಮಜೀವಿಗಳ ವಿಚಾರವು ಕಳೆದ ನೂರೈವತ್ತು ವರ್ಷಗಳಲ್ಲಿ ಈ ದೇಶಕ್ಕೆ ಬಂದಾಗ ಹಳೆಯ ಶಾಸ್ತ್ರವನ್ನು ಹೊರದೂಡಲಿಲ್ಲ. ಅದರ ಅಚ್ಚಿನಲ್ಲಿಯೇ ತಾನೂ ಎರಕವಾಯಿತು. ಹೀಗಾಗಿ ನಾವು ಬಾಯಲ್ಲಿ ಬ್ಯಾಕ್ಟೀರಿಯ ವೈರಸ್ ಎನ್ನುತ್ತ, ಮನಸ್ಸಿನಲ್ಲಿ ಮೈಲಿಗೆಯನ್ನೇ ಎಣಿಸುತ್ತಿರುತ್ತೇವೆ.

ಇವೆರಡರ ನಡೆಯನ್ನು ಹೋಲಿಸಿ ನೋಡಿದರೆ ಅನಾಹುತದ ಮೂಲ ಗೋಚರವಾಗುತ್ತದೆ. ಮೈಲಿಗೆಯು ಮುಟ್ಟಿದರೆ ಬರುತ್ತದೆ, ಎಂಜಲಿನಿಂದ ಬರುತ್ತದೆ, ಕೆಲವೊಮ್ಮೆ ನೆರಳಿನಿಂದಲೂ ನೋಟದಿಂದಲೂ ಬರುತ್ತದೆ, ಸ್ನಾನದಿಂದ ಕಳೆಯುತ್ತದೆ, ಸೂತಕದಂತೆ ಇಂತಿಷ್ಟು ದಿನವೆಂಬ ಲೆಕ್ಕಕ್ಕೆ ಒಳಪಟ್ಟಿರುತ್ತದೆ, ಹೊರಗಿನವರಲ್ಲಿ ಉಗ್ರವಾಗಿಯೂ ನಮ್ಮವರಲ್ಲಿ ಸೌಮ್ಯವಾಗಿಯೂ ಇರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ, ಅದು ಮನುಷ್ಯನ ಗುಣವಾಗಿ ಅವನಲ್ಲಿ ನೆಲೆಸುತ್ತದೆ. ಒಂದು ಜನಸಮೂಹವನ್ನೇ ಹುಟ್ಟಿನಿಂದ ಸಾವಿನವರೆಗೆ ಮುಟ್ಟಬಾರದವರೆಂದು ಊರ ಹೊರಗೆ ಇರಿಸಿದ ಶಾಸ್ತ್ರವಿದು. ರೋಗಿಯನ್ನು ಹೊರಗಿರಿಸುವುದು ಅದಕ್ಕೆ ಎಷ್ಟರ ಕೆಲಸ? ಸಾಂಕ್ರಾಮಿಕದ ನಡೆ ಇದಾವುದನ್ನೂ ಅನುಸರಿಸುವುದಿಲ್ಲ. ಅದು ಮುಟ್ಟದೆಯೇ ಉಸಿರಿನಲ್ಲಿ ಬಂದೀತು, ಮುಟ್ಟಿದರೂ ಬಾರದಿದ್ದೀತು, ರೋಗಿಗೆ ತಾನು ರೋಗಿಯೆಂದು ತಿಳಿಯುವ ಮೊದಲೇ ಹರಡೀತು, ರೋಗದ ಗುರುತು ಮೈಮೇಲೆ ಶಾಶ್ವತವಾಗಿ ಉಳಿದರೂ ತಾನು ಮಾತ್ರ ಎಂದೋ ಹೊರಟುಹೋಗಿದ್ದೀತು, ಮತ್ತು ಹೊರಗಿನವರಿಗಿಂತ ಒಳಗಿನವರಿಂದಲೇ, ಒಂದೇ ಕೋಣೆಯಲ್ಲಿ ಮಲಗುವ ನಮ್ಮವರಿಂದಲೇ, ಹೆಚ್ಚಾಗಿ ಬಂದೀತು.

ಮಡಿಮೈಲಿಗೆಯ ಆಚಾರದಿಂದ ಆರೋಗ್ಯಕ್ಕೆ ಏನೂ ಉಪಕಾರವಾಗಲಿಲ್ಲವೆಂದು ನಾನು ಹೇಳಲಾರೆ. ಊಟಕ್ಕೆ ಮುನ್ನ ಕೈಕಾಲು ತೊಳೆಯುವುದು, ಲೋಟವನ್ನು ತುಟಿಗೆ ತಾಕಿಸದೆ ನೀರನ್ನು ಎತ್ತಿ ಕುಡಿಯುವುದು, ಇವು ಒಳ್ಳೆಯ ಅಭ್ಯಾಸಗಳೇ. ಮನೆಯಲ್ಲಿ ಮಗುವಿಗೆ ಅಮ್ಮನಾದಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊಕ್ಕು ಹೊರಡುವವರನ್ನು ತಡೆದು, ಗುಳ್ಳೆಗಳೆಲ್ಲ ಒಣಗಿ ತಲೆಗೆ ನೀರು ಹಾಕುವವರೆಗೆ ಮಗುವನ್ನು ಹೊರಗೆ ಬಿಡದಿರುವ ಪದ್ಧತಿಯೂ, ಗುಳ್ಳೆ ಹೊಪ್ಪಳೆಗಟ್ಟುವ ತನಕ ಸೋಂಕು ಉಂಟೆಂಬ ಇಂದಿನ ವೈದ್ಯಶಾಸ್ತ್ರದ ಮಾತೂ ಬಹುಮಟ್ಟಿಗೆ ಒಂದೇ ಕಡೆಗೆ ಬಂದು ನಿಲ್ಲುತ್ತವೆ. ಆದರೆ ಈ ಹೊಂದಾಣಿಕೆ ಆಕಸ್ಮಿಕ. ಒದ್ದೆ ವಸ್ತ್ರವುಟ್ಟು ಮಡಿಯಲ್ಲಿ ಸೇದಿ ತಂದ ನೀರು, ಬಾವಿಯ ಪಕ್ಕದಲ್ಲಿಯೇ ಕಕ್ಕಸಿನ ಗುಂಡಿ ಇದ್ದರೆ, ಸೇದಿದವರ ಮಡಿಯಿಂದ ಶುದ್ಧವಾಗದು. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಸುತ್ತ ಕಾಲರಾ ಎದ್ದಾಗ, ಆ ಬೀದಿಯ ಪಂಪಿನ ನೀರಿನ ರುಚಿಗೆ ಮನಸೋತು ಊರಿನ ಆಚೆಯ ಹ್ಯಾಂಪ್‌ಸ್ಟೆಡ್‌ಗೆ ಅದನ್ನು ತರಿಸಿಕೊಂಡು ಕುಡಿಯುತ್ತಿದ್ದ ವಿಧವೆಯೊಬ್ಬಳು, ತನ್ನ ಸುತ್ತ ಯಾವ ಕಾಲರಾ ರೋಗಿಯೂ ಇಲ್ಲದಿರುವಾಗಲೂ ಅದೇ ರೋಗದಿಂದ ತೀರಿಕೊಂಡಳು. ಕಾಲರಾ ನೀರಿನಿಂದ ಹರಡುತ್ತದೆಂಬ ತನ್ನ ವಾದಕ್ಕೆ ವೈದ್ಯ ಜಾನ್ ಸ್ನೋ ಈ ಒಂಟಿ ಸಾವನ್ನು ಬಲವಾದ ಆಧಾರವಾಗಿ ಹಿಡಿದನು. ರೋಗಿಯ ಸಂಪರ್ಕವೇ ಇಲ್ಲದ ಕಡೆ ರೋಗ ಬಂದದ್ದರಿಂದ, ಹಾದಿಯೊಂದೇ ಬತ್ತಲೆಯಾಗಿ ಕಾಣಿಸಿತು.

ನಮ್ಮ ನಾಡಿನಲ್ಲಿ ಹಾದಿಯನ್ನು ತಪ್ಪಾಗಿ ಊಹಿಸಿದ್ದರ ಅತಿ ದೊಡ್ಡ ಕಥೆ ಪ್ಲೇಗಿನದು. 1896ರಲ್ಲಿ ಮುಂಬಯಿಯನ್ನು ಹೊಕ್ಕ ಆ ಮಾರಿಯು ರೈಲಿನ ದಾರಿ ಹಿಡಿದು, ಹುಬ್ಬಳ್ಳಿ ಧಾರವಾಡಗಳನ್ನು ಬಡಿದು, 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು. ಅದರ ರೋಗಾಣುವನ್ನು ನಾಲ್ಕು ವರ್ಷದ ಹಿಂದೆಯೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಗುರುತಿಸಿದ್ದನು; ಆದರೆ ರೋಗಾಣು ಯಾವುದೆಂದು ತಿಳಿಯುವುದು ಬೇರೆ, ಅದು ಹೇಗೆ ನಡೆದುಬರುತ್ತದೆಂದು ತಿಳಿಯುವುದು ಬೇರೆ. ಅಧಿಕಾರಿಗಳು ಮನುಷ್ಯನೇ ರೋಗದ ವಾಹನವೆಂದು ನಿಶ್ಚಯಿಸಿದರು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಕಂಕುಳು ತೊಡೆಸಂದುಗಳ ಪರೀಕ್ಷೆ ನಡೆಯಿತು. ಮನೆಗಳ ಹಂಚು ಕಿತ್ತು, ಹಾಸಿಗೆ ಬಟ್ಟೆಗಳನ್ನು ಸುಟ್ಟು, ಗೋಡೆಗಳಿಗೆ ಕಾರ್ಬಾಲಿಕ್ ದ್ರಾವಣ ಹೊಡೆದು, ರೋಗಿಯನ್ನೂ ಅವನ ಬಂಧುಗಳನ್ನೂ ಶಿಬಿರಗಳಿಗೆ ಸಾಗಿಸಿದರು. ಈ ದಬ್ಬಾಳಿಕೆಯಿಂದ ಪುಣೆಯಲ್ಲಿ ಎದ್ದ ಕ್ರೋಧವು 1897ರ ಜೂನಿನಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡನ ಕೊಲೆಗೆ ಮುಟ್ಟಿತು. ಇಷ್ಟೆಲ್ಲ ನಡೆಯುತ್ತಿರುವಾಗ ಇಲಿಗಳು, ಕಾರ್ಬಾಲಿಕ್ ವಾಸನೆಗೆ ಬೇಸತ್ತು, ಪಕ್ಕದ ಮನೆಗೆ ನಿರಾತಂಕವಾಗಿ ಒಕ್ಕಲು ಬದಲಿಸುತ್ತಿದ್ದವು.

ಆದರೆ ಹಳ್ಳಿಯ ಜನ ಏನನ್ನು ಗಮನಿಸಿದ್ದರು? ಇಲಿ ಬಿದ್ದಿತೆಂದರೆ ಊರು ಬಿಡಬೇಕು. ಅಟ್ಟದಿಂದ ಇಲಿಯೊಂದು ತೂರಾಡುತ್ತ ಅಂಗಳಕ್ಕೆ ಬಂದು ಸತ್ತಿತೆಂಬ ಸುದ್ದಿ ಹಬ್ಬಿದೊಡನೆ, ಪಾತ್ರೆಪಗಡಗಳನ್ನು ಗಾಡಿಗೆ ಹೇರಿಕೊಂಡು, ದನಕರುಗಳನ್ನು ಹೊಡೆದುಕೊಂಡು, ಹೊಲಗಳಲ್ಲಿ ತೋಪುಗಳಲ್ಲಿ ಗುಡಿಸಲು ಹಾಕಿ, ಊರು ತಣ್ಣಗಾಗುವ ತನಕ ಅಲ್ಲಿಯೇ ಬಾಳುತ್ತಿದ್ದರು. ಪ್ಲೇಗಿನಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತವರೂ ಇವರೇ. ಆ ಗುಡಿಗಳು ನಮ್ಮ ಊರುಗಳಲ್ಲಿ ಈಗಲೂ ಇವೆ. ದೇವತೆಯ ಕೋಪವೆಂದು ಕಾರಣವನ್ನು ಹೇಳಿಕೊಂಡರೂ, ಕಾಲು ಮಾತ್ರ ಸರಿಯಾದ ದಿಕ್ಕಿಗೆ ನಡೆಯಿತು. ಬೆಂಗಳೂರಿಗೆ ಪ್ಲೇಗು ಬಂದ ಆ 1898ರಲ್ಲಿಯೇ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು, ಸತ್ತ ಇಲಿಯ ಮೈ ತಣ್ಣಗಾದೊಡನೆ ಅದರ ಚಿಗಟಗಳು ಬೆಚ್ಚನೆಯ ರಕ್ತವನ್ನು ಅರಸುತ್ತ ಹೊರಡುತ್ತವೆಂದೂ, ಅವುಗಳ ಕಡಿತವೇ ರೋಗದ ಹಾದಿಯೆಂದೂ ಪ್ರಯೋಗದಿಂದ ತೋರಿಸಿದನು. ವಿದ್ವನ್ಮಂಡಲಿ ಅವನನ್ನು ನಂಬಲಿಲ್ಲ. ಮುಂಬಯಿಯಲ್ಲಿ ಕುಳಿತ ಪ್ಲೇಗು ಸಂಶೋಧನಾ ಮಂಡಲಿಯು ಅದೇ ಮಾತನ್ನು ಸ್ಥಾಪಿಸುವ ಹೊತ್ತಿಗೆ ಹಲವು ವರ್ಷಗಳೂ ಲಕ್ಷಗಟ್ಟಲೆ ಪ್ರಾಣಗಳೂ ಕಳೆದಿದ್ದವು. ಶ್ವಾಸಕೋಶವನ್ನು ಹಿಡಿಯುವ ಪ್ಲೇಗಿನ ಮಾತು ಬೇರೆ, ಅದು ಉಸಿರಿನಲ್ಲಿ ಹರಡಬಲ್ಲದು. ಆದರೆ ನಮ್ಮ ಊರುಗಳನ್ನು ಬರಿದು ಮಾಡಿದ ಗಡ್ಡೆಯ ಪ್ಲೇಗು ಬಹುಮಟ್ಟಿಗೆ ಚಿಗಟದ ಕೆಲಸ. 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಅಗ್ರಹಾರವೊಂದು ನಾರಣಪ್ಪನ ಶವದ ಮೈಲಿಗೆಯನ್ನು ಕುರಿತು ಹಗಲಿರುಳು ತರ್ಕಿಸುತ್ತಿರುವಾಗ, ಮನೆಮನೆಯಲ್ಲಿ ಇಲಿಗಳು ಬೀಳುತ್ತಿರುತ್ತವೆ. ಕಾದಂಬರಿಯನ್ನು ಧರ್ಮಸಂಕಟದ ಕಥೆಯೆಂದು ಓದುವುದು ವಾಡಿಕೆ. ಸಾರ್ವಜನಿಕ ಆರೋಗ್ಯದ ಪಾಠವೆಂದು ಓದಿದರೂ ನಷ್ಟವಿಲ್ಲ.

ಪ್ಲೇಗು ಬಂದ ಸುಮಾರು ಅರವತ್ತು ವರ್ಷಗಳ ತರುವಾಯ ಅದೇ ನಾಟಕ ಮಲೆನಾಡಿನ ಕಾಡಿನಲ್ಲಿ ಬೇರೆ ಪಾತ್ರಗಳಿಂದ ಮತ್ತೆ ನಡೆಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸಾಗರಗಳ ಕಡೆ, ಕ್ಯಾಸನೂರು ಕಾಡಿನ ಸುತ್ತ, ಮಂಗಗಳು ಮರದಿಂದ ಉದುರಿ ಸಾಯತೊಡಗಿದವು. ಜೊತೆಗೆ ಮನುಷ್ಯರಿಗೂ ಉಗ್ರವಾದ ಜ್ವರ. ಮಂಗ ಸಾಯುವುದನ್ನು ಕಂಡು ಆಫ್ರಿಕದ ಹಳದಿ ಜ್ವರವೇ ಬಂದಿತೆಂದು ಮೊದಲು ಶಂಕಿಸಲಾಯಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಕಾಡು ಹೊಕ್ಕು ಹುಡುಕಿದಾಗ ದೊರೆತದ್ದು ಹೊಸ ವೈರಾಣು, ಮತ್ತು ಅದರ ವಾಹನವಾದ ಉಣುಗು. ಸತ್ತ ಮಂಗದ ಮೈ ತಣ್ಣಗಾದಾಗ ಉಣುಗುಗಳು ಉದುರಿ ನೆಲದ ತರಗೆಲೆಯಲ್ಲಿ ಸೇರುತ್ತವೆ. ಸೌದೆಗೆ, ಸೊಪ್ಪಿಗೆ, ತರಗು ಗುಡಿಸುವುದಕ್ಕೆ ಹೋದವರ ಕಾಲಿಗೆ ಹತ್ತುತ್ತವೆ. ಚಳಿಗಾಲ ಕಳೆದು ಬೇಸಗೆ ಬಲಿಯುವ ತಿಂಗಳುಗಳಲ್ಲಿ ಎಳೆಯ ಉಣುಗುಗಳ ಹಾವಳಿ ಹೆಚ್ಚು. ಅವು ಕಣ್ಣಿಗೆ ಕಾಣುವುದೇ ಕಷ್ಟ. ಮಂಗವು ಇಲ್ಲಿ ನಮ್ಮಂತೆಯೇ ಬಲಿಪಶು. ಜ್ವರ ಬಂದ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೆ ಈ ರೋಗ ಹಬ್ಬುವುದಿಲ್ಲ. ಆದರೂ 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಸಾವುಗಳಾದಂಥ ಸಂದರ್ಭದಲ್ಲಿ, ಆ ಸೀಮೆಯ ಹೆಸರು ಕೇಳಿದರೇ ದೂರ ಸರಿಯುವ ಮನೋಭಾವ ಪೇಟೆಯ ಜನರಲ್ಲಿ ಹುಟ್ಟುವುದು ನಮಗೆ ಅಪರಿಚಿತವಲ್ಲ. ರೋಗಿಯ ಮನೆಗೆ ಹೋಗಿ ಕಾಫಿ ಕುಡಿದು ಬರುವುದರಿಂದ ಏನೂ ಆಗದು. ಮೈಕೈಗೆ ಉಣುಗು ನಿವಾರಕ ತೈಲ ಹಚ್ಚದೆ ಆ ಮನೆಯ ಹಿಂದಿನ ಗುಡ್ಡ ಹತ್ತಿದರೆ ಆಗಬಹುದು.

ಇಲಿಯ ವಿಷಯದಲ್ಲಿ, ಉಣುಗಿನ ವಿಷಯದಲ್ಲಿ, ಮನುಷ್ಯನನ್ನು ವೃಥಾ ಶಂಕಿಸಿದೆವು. ಕ್ಷಯದ ವಿಷಯದಲ್ಲಿ ಮನುಷ್ಯನ ಮೇಲಿನ ಶಂಕೆ ನಿಜವೇ. ಆದರೆ ಅವನ ಯಾವ ಅಂಶವನ್ನು ಶಂಕಿಸಬೇಕೆಂಬಲ್ಲಿ ನಾವು ಎಡವಿದೆವು. ಕ್ಷಯವೆಂದು ಗೊತ್ತಾದ ದಿನವೇ ನಮ್ಮ ಮನೆಗಳಲ್ಲಿ ಮೊದಲು ಬೇರೆಯಾಗುವುದು ತಟ್ಟೆ ಲೋಟ. ಸೊಸೆಯಾಗಿದ್ದರೆ ತವರಿಗೆ ಕಳುಹಿಸುವುದು, ಮದುವೆಗಿರುವ ಮಗಳಾಗಿದ್ದರೆ ನೆರೆಯೂರಿನ ಆಸ್ಪತ್ರೆಗೆ ಗುಟ್ಟಾಗಿ ಕರೆದೊಯ್ಯುವುದು, ಇವು ಮುಂದಿನ ಹೆಜ್ಜೆಗಳು. ಎಂಜಲಿನ ಭಯ ಅಷ್ಟು ಆಳವಾದುದು. ಆದರೆ ಕ್ಷಯದ ಹಾದಿ ತಟ್ಟೆಯ ಮೇಲಿಲ್ಲ, ಗಾಳಿಯಲ್ಲಿದೆ. ಶ್ವಾಸಕೋಶದ ಕ್ಷಯವಿರುವವನು ಕೆಮ್ಮಿದಾಗ, ಹಾಡಿದಾಗ, ಮಾತನಾಡಿದಾಗ ಹೊರಬೀಳುವ ಹನಿಗಳಲ್ಲಿ ದೊಡ್ಡವು ನೆಲಕ್ಕೆ ಬೀಳುತ್ತವೆ. ಅತಿ ಸೂಕ್ಷ್ಮವಾದವು ಆರಿ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತ, ಉಸಿರಿನ ಜೊತೆ ಇನ್ನೊಬ್ಬರ ಶ್ವಾಸಕೋಶದ ತಳವನ್ನು ಸೇರುತ್ತವೆ. ಅಮೆರಿಕದ ಬಾಲ್ಟಿಮೋರಿನಲ್ಲಿ 1950ರ ದಶಕದಲ್ಲಿ ವೆಲ್ಸ್ ಮತ್ತು ರೈಲಿ ಎಂಬಿಬ್ಬರು ಕ್ಷಯದ ವಾರ್ಡಿನಿಂದ ಹೊರಬರುವ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ, ಮಾಳಿಗೆಯ ಮೇಲಿನ ಗೂಡುಗಳಲ್ಲಿದ್ದ ಗಿನಿಪಿಗ್ಗುಗಳಿಗೆ ಉಸಿರಾಡಲು ಕೊಟ್ಟರು. ರೋಗಿಗಳನ್ನು ಎಂದೂ ಕಾಣದ, ಅವರ ತಟ್ಟೆಯನ್ನು ಎಂದೂ ಮುಟ್ಟದ ಆ ಪ್ರಾಣಿಗಳಿಗೆ ಕ್ಷಯ ತಗಲಿತು. ಅದೇ ಗಾಳಿಯನ್ನು ನೇರಳಾತೀತ ಕಿರಣದಲ್ಲಿ ಹಾಯಿಸಿ ಕೊಟ್ಟ ಇನ್ನೊಂದು ಗುಂಪು ಉಳಿದುಕೊಂಡಿತು. ಹೀಗಿರಲು, ತಟ್ಟೆ ಬೇರೆ ಮಾಡಿ, ಶೀತಗಾಳಿ ಬಡಿದೀತೆಂದು ರೋಗಿಯ ಕೋಣೆಯ ಕಿಟಕಿಯನ್ನು ಮುಚ್ಚಿ, ಅವನ ತಾಯಿಯನ್ನು ಒಳಗೆ ಶುಶ್ರೂಷೆಗೆ ಕೂರಿಸುವ ನಮ್ಮ ಕ್ರಮವನ್ನು ಏನೆನ್ನಬೇಕು!

ಇದಕ್ಕಿಂತ ನಮ್ಮ ಕಣ್ಣು ತೆರೆಸಬೇಕಾದ ಪ್ರಯೋಗ ನೆರೆಯ ಮದರಾಸಿನಲ್ಲಿ ನಡೆಯಿತು, ಮತ್ತು ಅದನ್ನು ನಮ್ಮ ಜನ ಮರೆತೇಬಿಟ್ಟಿದ್ದಾರೆ. 1956ರಲ್ಲಿ ಅಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು ಬಡ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದನ್ನು ಸ್ಯಾನಿಟೋರಿಯಮ್ಮಿನಲ್ಲಿ ಒಳ್ಳೆಯ ಆಹಾರ ವಿಶ್ರಾಂತಿಗಳೊಡನೆ ಇರಿಸಿ, ಇನ್ನೊಂದನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಬಿಟ್ಟು, ಇಬ್ಬರಿಗೂ ಒಂದೇ ಔಷಧಗಳನ್ನು ವರ್ಷಕಾಲ ಕೊಟ್ಟಿತು. 1959ರಲ್ಲಿ ಫಲಿತಾಂಶ ಹೊರಬಿದ್ದಾಗ ಜಗತ್ತಿನ ಕ್ಷಯವೈದ್ಯರು ಬೆರಗಾದರು. ಗುಣವಾಗುವುದರಲ್ಲಿ ಎರಡು ಪಂಗಡಗಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿಯೇ ಉಳಿದ ರೋಗಿಗಳ ಹೆಂಡಿರು ಮಕ್ಕಳಿಗೆ, ರೋಗಿಯನ್ನು ದೂರ ಕಳುಹಿಸಿದವರ ಹೆಂಡಿರು ಮಕ್ಕಳಿಗಿಂತ ಹೆಚ್ಚಿನ ಅಪಾಯವೇನೂ ಒದಗಲಿಲ್ಲ. ಕಾರಣ ಸರಳ: ಮನೆಯವರಿಗೆ ಸೋಂಕು ತಗಲತಕ್ಕದ್ದು ಬಹುಪಾಲು ರೋಗ ಪತ್ತೆಯಾಗುವುದಕ್ಕೆ ಮುಂಚೆಯೇ ತಗಲಿರುತ್ತದೆ, ಔಷಧ ಆರಂಭವಾದ ಮೇಲೆ ರೋಗಿಯು ಹರಡುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತಾನೆ. ಇಂದಿನ ಔಷಧಗಳಿಂದ, ರೋಗಾಣುವು ಅವುಗಳಿಗೆ ಬಗ್ಗುವಂಥದಾಗಿದ್ದರೆ, ಸಾಮಾನ್ಯವಾಗಿ ಎರಡು ವಾರ ಸಾಕು. ಎಂದರೆ ಕೆಮ್ಮಿಗೆ ಹೆಸರಿಲ್ಲದ ಆ ತಿಂಗಳುಗಳಲ್ಲಿ, ರೋಗಿಯು ನಿಜವಾಗಿ ಹರಡುತ್ತಿರುವಾಗ, ನಾವು ಅವನೊಡನೆ ನಿರ್ಭಯವಾಗಿ ಉಂಡು ಮಲಗುತ್ತೇವೆ. ವೈದ್ಯನ ಚೀಟಿ ಬಂದು, ಮಾತ್ರೆ ನುಂಗಿ, ಅವನು ನಿರಪಾಯನಾಗುತ್ತ ಬಂದ ಹೊತ್ತಿಗೆ ಅವನ ತಟ್ಟೆಯನ್ನು ಹಿತ್ತಿಲಿಗೆ ಹಾಕುತ್ತೇವೆ.

ಈ ಅನರ್ಥದ ಭಾರವೆಲ್ಲ ಸಾಮಾನ್ಯ ಜನರ ಮೇಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಳ್ಳಿಗಳ ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮಗೇನೋ ಆಗಿದೆಯೆಂದರಿತು ಆಗಲೇ ಸರಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರೆಂದು ತಿಳಿದುಬಂದಿತು. ಅವರಿಗೆ ದೊರೆತದ್ದು ಒಂದು ಶೀಷೆ ಕೆಮ್ಮಿನ ಔಷಧ. ಜನ ಮೂಢರೆಂದು ಭಾಷಣ ಮಾಡುವವರು ಈ ಶೀಷೆಯನ್ನು ಸ್ವಲ್ಪ ನೆನೆಯಬೇಕು.

ಕುಷ್ಠದ ಮಾತನ್ನು ಚಿಕ್ಕದಾಗಿ ಹೇಳಿದರೆ ಸಾಕು, ಏಕೆಂದರೆ ಅಲ್ಲಿನ ಅನ್ಯಾಯ ಎಲ್ಲರಿಗೂ ಗೊತ್ತಿರುವುದೇ. ನೂರರಲ್ಲಿ ತೊಂಬತ್ತೈದು ಜನಕ್ಕೆ ಆ ರೋಗಾಣುವನ್ನು ಎದುರಿಸುವ ಶಕ್ತಿ ಸಹಜವಾಗಿಯೇ ಉಂಟು. ಚಿಕಿತ್ಸೆ ಆರಂಭಿಸಿದ ರೋಗಿ ಸ್ವಲ್ಪ ಕಾಲದಲ್ಲಿಯೇ ಹರಡಲಾರದವನಾಗುತ್ತಾನೆ. ನಾವು ಅತ್ಯಂತ ಹೆದರುವುದು ಮೊಂಡಾದ ಬೆರಳಿಗೆ, ಕುಸಿದ ಮೂಗಿಗೆ. ಅವು ಎಂದೋ ಮುಗಿದುಹೋದ ರೋಗದ ಗುರುತುಗಳು, ಅವುಗಳಿಂದ ಯಾರಿಗೂ ಏನೂ ಅಂಟದು. ಕುಷ್ಠರೋಗಿಗಳನ್ನು ಕೂಡಿಹಾಕಲು ಬ್ರಿಟಿಷರು 1898ರಲ್ಲಿ ಮಾಡಿದ ಕಾಯಿದೆ 2016ರಲ್ಲಿ ರದ್ದಾಯಿತು. ವಿವಾಹವಿಚ್ಛೇದನಕ್ಕೆ ಕುಷ್ಠವೇ ಸಾಕಾದ ಕಾರಣವೆಂಬ ನಿಯಮವನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ರೋಗಕ್ಕೆ ಮದ್ದು ದೊರೆತು ದಶಕಗಳೇ ಕಳೆದಿದ್ದರೂ ಶಾಸನಗ್ರಂಥದಲ್ಲಿ ಮೈಲಿಗೆ ಅಷ್ಟು ಕಾಲ ಭದ್ರವಾಗಿ ಕುಳಿತಿತ್ತು.

ವಿದ್ಯಾವಂತರು, ವಿಜ್ಞಾನಿಗಳು ಈ ಮಾಯೆಗೆ ಒಳಗಾಗರೆಂದು ಭಾವಿಸಿದ್ದವರಿಗೆ 2020ನೆಯ ಇಸವಿ ತಕ್ಕ ಪಾಠ ಕಲಿಸಿತು. ಆ ವರ್ಷದ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಲ್ಲಿ ತೇಲಿ ಬರುವ ರೋಗವಲ್ಲವೆಂದು ಜಗತ್ತಿಗೆ ಸಾರಿತು. ಆ ಮಾತನ್ನು ತಿದ್ದಿಕೊಳ್ಳಲು ಅದಕ್ಕೆ ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಅಷ್ಟರೊಳಗೆ ನಾವು ಹಾಲಿನ ಪೊಟ್ಟಣಗಳನ್ನು ಸೋಪಿನಲ್ಲಿ ತೊಳೆದೆವು, ನೋಟುಗಳನ್ನು ಇಸ್ತ್ರಿ ಮಾಡಿದೆವು, ಸೊಪ್ಪು ತರಕಾರಿಯನ್ನು ಬಿಸಿಲಿಗೆ ಹರವಿ ಕಾದೆವು. ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ ಅವರ ಮೈಮೇಲೆ ಕ್ರಿಮಿನಾಶಕವನ್ನು ಸಿಂಪಡಿಸಲಾಯಿತು. ಮದರಾಸಿನಲ್ಲಿ ಈ ರೋಗದಿಂದ ತೀರಿಕೊಂಡ ವೈದ್ಯರೊಬ್ಬರ ಶವವನ್ನು ಹೂಳಲು ಬಿಡದೆ ಜನ ಕಲ್ಲು ತೂರಿದರು; ಉಸಿರೇ ನಿಂತುಹೋದ ದೇಹವು ಉಸಿರಿನ ರೋಗವನ್ನು ಮಣ್ಣಿನಡಿಯಿಂದ ಹೇಗೆ ಹರಡೀತೆಂದು ಯಾರೂ ಕೇಳಲಿಲ್ಲ. ಕೈ ತೊಳೆಯುವುದು ಒಳ್ಳೆಯದೇ, ಅದರಿಂದ ಭೇದಿಯೂ ಕಣ್ಣುಬೇನೆಯೂ ತಗ್ಗುತ್ತವೆ. ಆದರೆ ಮದುವೆಯ ಮಂಟಪದ ಬಾಗಿಲಲ್ಲಿ ಅತಿಥಿಗಳ ಅಂಗೈಗೆ ಎರಡು ಹನಿ ದ್ರವ ಸುರಿದು, ತೀರ್ಥ ಪ್ರೋಕ್ಷಣೆ ಮಾಡಿದ ಸಮಾಧಾನದಿಂದ, ಕಿಟಕಿಗಳನ್ನೆಲ್ಲ ಬಿಗಿದ ಹವಾನಿಯಂತ್ರಿತ ಸಭಾಂಗಣದೊಳಗೆ ಐನೂರು ಜನವನ್ನು ಕೂಡಿಸಿದ್ದು ಆರೋಗ್ಯವಿಧಿಯಲ್ಲ. ಅದು ಮೈಲಿಗೆಯ ವಿಧಿ.

ಆ ಮಂಟಪದಲ್ಲಿಯೇ ಇನ್ನೊಂದು ಸಂಗತಿ ಗಮನಿಸತಕ್ಕದ್ದಿತ್ತು. ಅಪರಿಚಿತರ ಎದುರು ಮೂಗಿನ ಮೇಲಿದ್ದ ಮುಖಗವಸು, ಸೋದರಮಾವ ಎದುರಾದೊಡನೆ ಗಲ್ಲಕ್ಕೆ ಇಳಿಯುತ್ತಿತ್ತು. ನಮ್ಮವರಿಂದ ನಮಗೇನಾದೀತೆಂಬ ಆ ವಿಶ್ವಾಸ ಹೃದ್ಯವಾದದ್ದು. ಆದರೆ ರೋಗಾಣುವಿಗೆ ಗೋತ್ರಪ್ರವರಗಳ ಪರಿಚಯವಿಲ್ಲ. ದಡಾರದ ರೋಗಿಯೊಬ್ಬ ಕೋಣೆಯಿಂದ ಎದ್ದುಹೋದ ಮೇಲೆ ಎರಡು ಗಂಟೆಯ ತನಕವೂ ಅಲ್ಲಿನ ಗಾಳಿಯಲ್ಲಿ ವೈರಾಣು ಉಳಿಯಬಲ್ಲದು, ಮತ್ತು ಮೈಮೇಲೆ ಗಂಧೆ ಏಳುವುದಕ್ಕೆ ನಾಲ್ಕು ದಿನ ಮುಂಚಿನಿಂದಲೇ ಅವನು ಹರಡಬಲ್ಲನು. ಮಗುವನ್ನು ಮುದ್ದಾಡಲು ಬಂದ ಚಿಕ್ಕಮ್ಮನಿಗೂ ಬೀದಿಯಲ್ಲಿ ಸರಿದುಹೋದ ಪರದೇಶಿಗೂ ಅದು ಭೇದವೆಣಿಸುವುದಿಲ್ಲ. ಲೆಕ್ಕ ಹಾಕಿದರೆ ಚಿಕ್ಕಮ್ಮನೇ ಹೆಚ್ಚು ಹೊತ್ತು ಹತ್ತಿರ ಕೂರುತ್ತಾಳೆ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಆರೋಗ್ಯ ಇಲಾಖೆಯ ಫಲಕಗಳನ್ನು ಓದಿ ನೋಡಿ. ಎಚ್ಚರದಿಂದಿರಿ, ಸ್ವಚ್ಛತೆ ಕಾಪಾಡಿ, ರೋಗದ ಲಕ್ಷಣಗಳಿದ್ದಲ್ಲಿ ಆಸ್ಪತ್ರೆಗೆ ಬನ್ನಿ, ಎಂದು ಎಲ್ಲ ರೋಗಗಳಿಗೂ ಒಂದೇ ಸ್ತೋತ್ರ. ಸ್ವಚ್ಛತೆ ಎಂದೊಡನೆ ನಮ್ಮ ಮನಸ್ಸು ಮಡಿಯ ಕಡೆಗೆ ಓಡುತ್ತದೆ. ಎಚ್ಚರ ಎಂದೊಡನೆ ರೋಗಿಯಿಂದ ದೂರ ಓಡುತ್ತದೆ. ಅದರ ಬದಲು ಪ್ರತಿಯೊಂದು ರೋಗಕ್ಕೂ ಅದರ ಹಾದಿಯನ್ನೇ ಬರೆಯಲಿ: ರೋಗಿಯ ದೇಹದಿಂದ ಎಲ್ಲಿ ಹೊರಡುತ್ತದೆ, ಯಾವುದರ ಮೇಲೆ ಸಾಗುತ್ತದೆ, ನಮ್ಮೊಳಗೆ ಎಲ್ಲಿ ಹೊಗುತ್ತದೆ, ಯಾವುದರಿಂದ ಬರುವುದಿಲ್ಲ. ಓದಲು ಬಾರದವರಿಗೆ ಇದನ್ನು ಚಿತ್ರದಲ್ಲಿ ತೋರಿಸುವುದು ಕಷ್ಟವಲ್ಲ. ಇಲಿಗೂ ಪ್ಲೇಗಿಗೂ ನಂಟನ್ನು ಅಕ್ಷರ ಕಲಿಯದೆ ಕಂಡುಕೊಂಡ ಜನರ ಮೊಮ್ಮಕ್ಕಳು ಇವರು.

ಇನ್ನೊಂದು ಬೇಡಿಕೆ, ನನ್ನ ಮಟ್ಟಿಗೆ ಇದೇ ಮುಖ್ಯ. ಕ್ಷಯದ ಚಿಕಿತ್ಸೆಗೆ ಕೊಡುವ ಚೀಟಿಯಲ್ಲಿ ಮಾತ್ರೆಗಳ ಲೆಕ್ಕದ ಜೊತೆಗೆ, ಈ ರೋಗಿಯಿಂದ ಇಂಥ ದಿನದ ಮೇಲೆ ಇತರರಿಗೆ ಸೋಂಕು ಬಾರದೆಂದು, ಪರೀಕ್ಷಿಸಿದ ವೈದ್ಯರು ದಿನಾಂಕ ಸಮೇತ ಬರೆದು ರುಜು ಹಾಕಲಿ. ಔಷಧಕ್ಕೆ ಬಗ್ಗದ ಕ್ಷಯವಾದರೆ ಕಫಪರೀಕ್ಷೆಯನ್ನು ನೋಡಿಕೊಂಡು ತಡವಾಗಿ ಬರೆಯಲಿ. ಹೀಗೆ ಬರೆದುಕೊಟ್ಟರೆ ಗುಣವಾಯಿತೆಂದು ತಿಳಿದು ರೋಗಿಯು ಆರು ತಿಂಗಳ ಮಾತ್ರೆಯನ್ನು ನಡುವೆಯೇ ಬಿಟ್ಟಾನೆಂದು ಕೆಲವು ವೈದ್ಯರು ಆಕ್ಷೇಪಿಸಬಹುದು. ಆ ಭೀತಿಗೆ ಆಧಾರವಿಲ್ಲದಿಲ್ಲ. ಆದರೆ ಮಾತ್ರೆಯನ್ನು ನಡುವೆ ಬಿಡುವವರಲ್ಲಿ, ನೆರೆಯವರ ಕಣ್ಣಿಗೆ ಬಿದ್ದೀತೆಂದು ಆಸ್ಪತ್ರೆಗೆ ಹೋಗಲು ನಾಚುವವರೂ ಉಂಟು. ಕೆಮ್ಮನ್ನು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಮನೆಮಂದಿಗೆಲ್ಲ ಹಂಚುವವರೂ ಆ ನಾಚಿಕೆಯಿಂದಲೇ ಮುಚ್ಚಿಡುತ್ತಾರೆ. ಅಂಥ ಚೀಟಿಯೊಂದು ಅತ್ತೆಯ ಕೈಗೋ ಮನೆಯ ಮಾಲೀಕನ ಕೈಗೋ ತಲುಪಿದರೆ, ತವರಿಗೆ ಹೋಗಬೇಕಾಗಿದ್ದ ಸೊಸೆಯು ತನ್ನ ಮನೆಯಲ್ಲಿಯೇ ಉಳಿದು ಉಳಿದ ಮಾತ್ರೆಗಳನ್ನು ಮುಗಿಸಬಹುದು. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ಈಗಿರುವ ಚೀಟಿಯಲ್ಲಿ ಒಂದು ಸಾಲಿನ ಜಾಗ ಸಾಕು.